ಮಕರೇನಾದಲ್ಲಿ ನಕ್ಕವರು ಯಾರು?

1996ರಲ್ಲಿ ‘ಮಕರೇನಾ’ ಹಾಡಿಗೆ ಕೈ ತಿರುವಿ ಸೊಂಟ ಕುಣಿಸದ ದೇಶ ಇರಲಿಲ್ಲವೇನೋ. ಸ್ಪೇನಿನ ಲೋಸ್ ದೆಲ್ ರಿಯೊ ಜೋಡಿಯ ಆ ಹಾಡಿನ ರೀಮಿಕ್ಸ್ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 14 ವಾರ ಮೊದಲ ಸ್ಥಾನ ಬಿಟ್ಟು ಕದಲಲಿಲ್ಲ. ಅದರ ನಡುವೆ ಹೆಣ್ಣೊಬ್ಬಳು ಗಂಟಲು ತುಂಬಿ ನಗುತ್ತಾಳೆ. ಆ ನಗೆ ಎರವಲು ತಂದದ್ದು. ನಕ್ಕವರು ಇಂಗ್ಲೆಂಡಿನ ಆಲಿಸನ್ ಮೊಯೇ, ನಕ್ಕದ್ದು 1982ರಲ್ಲಿ.

ಮೊಯೇ ಬೆಳೆದದ್ದು ಲಂಡನ್ನಿನ ಪೂರ್ವಕ್ಕಿರುವ ಬಾಸಿಲ್ಡನ್ನಿನಲ್ಲಿ. ಪಬ್ಬುಗಳಲ್ಲಿ ಪಂಕ್, ಬ್ಲೂಸ್ ಹಾಡುತ್ತಿದ್ದ ಆಕೆ ತನಗೊಂದು ಬ್ಲೂಸ್ ತಂಡ ಬೇಕೆಂದು ‘ಮೆಲಡಿ ಮೇಕರ್’ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು. ಕರೆ ಬಂದದ್ದು ಅದೇ ಊರಿನ ವಿನ್ಸ್ ಕ್ಲಾರ್ಕ್‌ರಿಂದ. ಆಗಷ್ಟೇ ಡಿಪೆಷ್ ಮೋಡ್ ತಂಡ ಬಿಟ್ಟಿದ್ದ ಅವರ ಬಳಿ ಗಿಟಾರ್ ತಂಡವಿರಲಿಲ್ಲ, ಸಿಂಥಸೈಜರ್ ಇತ್ತು. ಹೀಗೆ ಹುಟ್ಟಿತು ‘ಯಾಜೂ’.

ಈ ಜೋಡಿಯ ವಿಶೇಷವೇನು? ಅಲ್ಲಿಯವರೆಗೆ ಜರ್ಮನಿಯ ಕ್ರಾಫ್ಟ್‌ವರ್ಕ್ ಆಗಲಿ, ಬ್ರಿಟನ್ನಿನ ಗ್ಯಾರಿ ನ್ಯೂಮನ್ ಆಗಲಿ ಯಂತ್ರದ ಜೊತೆ ಯಂತ್ರದಂತೆಯೇ ಹಾಡುತ್ತಿದ್ದರು. 1977ರಲ್ಲಿ ಡೋನಾ ಸಮ್ಮರ್ ‘ಐ ಫೀಲ್ ಲವ್’ ಹಾಡಿದ್ದರು, ನಿಜ. ಆದರೆ ಅಲ್ಲಿ ದನಿ ಹಗುರಾಗಿ ತೇಲುತ್ತದೆ. ಮೊಯೇ ಅವರದು ತಗ್ಗಿನ, ಭಾರದ, ಒರಟು ಅಂಚಿನ ಕಂಠ. ತಬಲಾದವನಾದರೆ ಗಾಯಕಿಯ ಮುಖ ನೋಡಿ ಕೈ ಸಡಿಲಿಸುತ್ತಾನೆ. ಸೀಕ್ವೆನ್ಸರಿಗೆ ಆ ದಾಕ್ಷಿಣ್ಯವಿಲ್ಲ. ಅದು ಕೊಟ್ಟ ಲೆಕ್ಕದೊಳಗೇ ಈಕೆ ಪದಗಳನ್ನು ಎಳೆದು, ಒತ್ತಿ, ಒಡೆದು ಹಾಡಿದರು. ಯಂತ್ರ ಕರಗುವುದಿಲ್ಲ, ಹಾಡುವವಳು ಬಗ್ಗುವುದಿಲ್ಲ. ಹಾಡಿನ ಬಿಸಿ ಹುಟ್ಟುವುದೇ ಈ ಜಗ್ಗಾಟದಲ್ಲಿ.

‘ಓನ್ಲಿ ಯು’ ಬ್ರಿಟನ್ನಿನಲ್ಲಿ ಎರಡನೇ ಸ್ಥಾನಕ್ಕೇರಿತು. ಆದರೆ ಕುಣಿಯುವವರು ಹಿಡಿದುಕೊಂಡದ್ದು ಆ ತಟ್ಟೆಯ ಹಿಂಬದಿಯಲ್ಲಿದ್ದ ‘ಸಿಚುಯೇಷನ್’ ಹಾಡನ್ನು. ನ್ಯೂಯಾರ್ಕಿನ ಡಿ.ಜೆ. ಫ್ರಾನ್ಸ್ವಾ ಕೆವೋರ್ಕಿಯನ್ ಅದನ್ನು ಕ್ಲಬ್ಬುಗಳಿಗಾಗಿ ಹಿಗ್ಗಿಸಿ ರೀಮಿಕ್ಸ್ ಮಾಡಿದರು. ಅದು ಬಿಲ್‌ಬೋರ್ಡ್ ನೃತ್ಯಗೀತೆಗಳ ಪಟ್ಟಿಯ ತುದಿ ಮುಟ್ಟಿತು. ಆ ನಗೆ ಇರುವುದು ಇದರಲ್ಲೇ. ಮುಂದೆ ಶಿಕಾಗೊದ ಹೌಸ್ ಸಂಗೀತ ಯಂತ್ರತಾಳದ ಮೇಲೆ ಗಾಸ್ಪೆಲ್ ಕಂಠವನ್ನು ಕೂರಿಸಿದಾಗ ಕುಣಿಯುವವರ ಕಿವಿ ಅಂಥ ಬೆಸುಗೆಗೆ ಪಳಗಿತ್ತು. ಎಲ್ಲವೂ ಯಾಜೂ ಕೊಡುಗೆ ಎಂದರೆ ಅತಿಶಯೋಕ್ತಿಯಾದೀತು. ಕ್ಲಾರ್ಕ್ ಮಾತ್ರ ಪಾಠ ಮರೆಯಲಿಲ್ಲ: 1985ರಲ್ಲಿ ‘ಇರೇಷರ್’ ಕಟ್ಟುವಾಗ ಆರಿಸಿಕೊಂಡ ಆಂಡಿ ಬೆಲ್, ಮೊಯೇ ಅವರ ಅಭಿಮಾನಿ.

ಜೋಡಿ ಎರಡು ವರ್ಷವೂ ಬಾಳಲಿಲ್ಲ. 1983ರಲ್ಲಿ ಎರಡನೆಯ ಆಲ್ಬಂ ಬ್ರಿಟನ್ನಿನಲ್ಲಿ ಮೊದಲ ಸ್ಥಾನ ಪಡೆಯುವ ಹೊತ್ತಿಗೆ ಇಬ್ಬರೂ ಬೇರೆಯಾಗಿದ್ದರು. ಮತ್ತೆ ಒಂದೇ ವೇದಿಕೆ ಹತ್ತಿ ಊರೂರು ಸುತ್ತಿದ್ದು 25 ವರ್ಷಗಳ ನಂತರ, 2008ರಲ್ಲಿ.