ಕಲ್ಲಿದ್ದಲಿಗೂ ಸಬ್ಸಿಡಿ, ಸೋಲಾರ್‌ಗೂ ಸಬ್ಸಿಡಿ: ಲೆಕ್ಕ ಹೇಗೆ?

ಭಾರತದಲ್ಲಿ ಉತ್ಪಾದನೆಯಾಗುವ ಕರೆಂಟ್‌ನ ಸುಮಾರು ಶೇ. 70ರಷ್ಟು ಇಂದಿಗೂ ಕಲ್ಲಿದ್ದಲಿನಿಂದಲೇ ಬರುತ್ತದೆ. ನಮ್ಮ ಕರಾವಳಿಯ ಉಡುಪಿ ಸ್ಥಾವರವೂ ಅಷ್ಟೇ, ವಿದೇಶದಿಂದ ನವಮಂಗಳೂರು ಬಂದರಿಗೆ ಬರುವ ಕಲ್ಲಿದ್ದಲನ್ನು ನಂಬಿದೆ. ಬೆಳೆಯುತ್ತಿರುವ ದೇಶಕ್ಕೆ ವರ್ಷವರ್ಷವೂ ಹೆಚ್ಚು ವಿದ್ಯುತ್ ಬೇಕು. ಹಾಗಾಗಿ ಸರಕಾರ ಎರಡೂ ದೋಣಿಗಳಲ್ಲಿ ಕಾಲಿಟ್ಟಿದೆ.

ಕಲ್ಲಿದ್ದಲು: ತೆರಿಗೆಯೂ ಇದೆ, ನೆರವೂ ಇದೆ

2010ರಲ್ಲಿ ಟನ್ ಕಲ್ಲಿದ್ದಲಿಗೆ 50 ರೂ. ಸೆಸ್ ಹಾಕಲಾಯಿತು. ಶುದ್ಧ ಇಂಧನಕ್ಕೆ ಹಣ ಕೂಡಿಸುವುದು ಉದ್ದೇಶ. 2016ಕ್ಕೆ ಅದು 400 ರೂ. ಆಯಿತು. ಆದರೆ 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಆ ಹಣ ರಾಜ್ಯಗಳ ನಷ್ಟ ಪರಿಹಾರಕ್ಕೆ ಹೋಯಿತು. 2025ರ ಸೆಪ್ಟಂಬರ್‌ನಲ್ಲಿ ಸೆಸ್ ರದ್ದಾಗಿ, ಜಿಎಸ್‌ಟಿ ಶೇ. 5ರಿಂದ 18ಕ್ಕೆ ಏರಿತು.

ಇನ್ನೊಂದೆಡೆ, ಕಲ್ಲಿದ್ದಲನ್ನು ಅನಿಲವಾಗಿಸುವ ಯೋಜನೆಗಳಿಗೆ 2024ರಲ್ಲಿ 8,500 ಕೋಟಿ ರೂ. ನೆರವು ಮಂಜೂರಾಗಿದೆ. ಲೆಕ್ಕಕ್ಕೆ ಸಿಗದ ಸಬ್ಸಿಡಿಯೂ ಒಂದಿದೆ. 2015ರಲ್ಲಿ ಹೊಗೆ ನಿಯಂತ್ರಣದ ನಿಯಮ ಬಂದರೂ ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋಯಿತು. ಕಂಪೆನಿಗೆ ಉಳಿದ ಖರ್ಚನ್ನು ಸ್ಥಾವರದ ಅಕ್ಕಪಕ್ಕದ ಜನ ತಮ್ಮ ಆರೋಗ್ಯದಿಂದ ತುಂಬುತ್ತಾರೆ.

ಸೋಲಾರ್: ಮನೆಗೆ ಎಷ್ಟು ಸಿಗುತ್ತದೆ?

2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯ ಮೊತ್ತ 75,021 ಕೋಟಿ ರೂ. ಗುರಿ 1 ಕೋಟಿ ಮನೆಗಳು.

* 1 ಕಿಲೋವ್ಯಾಟ್‌ಗೆ: 30,000 ರೂ.
* 2 ಕಿಲೋವ್ಯಾಟ್‌ಗೆ: 60,000 ರೂ.
* 3 ಕಿಲೋವ್ಯಾಟ್ ಅಥವಾ ಹೆಚ್ಚು: 78,000 ರೂ.

1 ಕಿಲೋವ್ಯಾಟ್ ಪ್ಯಾನೆಲ್ ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ ಸುಮಾರು 4 ಯುನಿಟ್ ಕೊಡುತ್ತದೆ. ಮಳೆಗಾಲದಲ್ಲಿ ಕಡಿಮೆ. ಅರ್ಜಿ ಹಾಕುವಾಗ ಮನೆಯವರ ಹೆಸರಿನಲ್ಲಿ ವಿದ್ಯುತ್ ಸಂಪರ್ಕ ಇರಬೇಕು, ಭಾರತದಲ್ಲೇ ತಯಾರಾದ ಪ್ಯಾನೆಲ್ ಹಾಕಬೇಕು. ಸಬ್ಸಿಡಿ ಮೊದಲೇ ಕೈಗೆ ಬರುವುದಿಲ್ಲ. ಪ್ಯಾನೆಲ್ ಅಳವಡಿಸಿ, ಪರಿಶೀಲನೆ ಮುಗಿದ ನಂತರ ಬ್ಯಾಂಕ್ ಖಾತೆಗೆ ಜಮಾ ಆಗುತ್ತದೆ. ರೈತರ ಪಂಪ್‌ಸೆಟ್‌ಗೆ 2019ರ ಪಿಎಂ ಕುಸುಮ್ ಯೋಜನೆ ಬೇರೆಯೇ ಇದೆ.

ಯಾರು ಹೊರಗುಳಿಯುತ್ತಾರೆ?

ಸ್ವಂತ ಮಾಡು ಇಲ್ಲದ ಬಾಡಿಗೆ ಮನೆಯವರಿಗೆ ಈ ಲಾಭ ತಲುಪುವುದು ಕಷ್ಟ. ಕರ್ನಾಟಕದಲ್ಲಿ 2023ರಿಂದ ಗೃಹಜ್ಯೋತಿಯಡಿ 200 ಯುನಿಟ್‌ವರೆಗೆ ಬಿಲ್ ಇಲ್ಲ. ಹಾಗಾಗಿ ಕಡಿಮೆ ಬಳಸುವ ಮನೆಗೆ ಸೋಲಾರ್‌ನಿಂದ ದೊಡ್ಡ ಉಳಿತಾಯ ಕಾಣದು. ಬಿಲ್ ಜಾಸ್ತಿ ಬರುವ ಮನೆಗೆ ಮಾತ್ರ ಲೆಕ್ಕ ಬೇಗ ಸರಿಹೊಂದುತ್ತದೆ.

ಸಬ್ಸಿಡಿ ಯಾವುದೇ ಇರಲಿ, ಅದು ತೆರಿಗೆ ಕಟ್ಟುವ ಜನರದ್ದೇ ದುಡ್ಡು. ಸೋಲಾರ್ ಹಾಕುವ ಮುಂಚೆ ಒಂದು ವರ್ಷದ ಕರೆಂಟ್ ಬಿಲ್‌ಗಳನ್ನು ಎದುರಿಗಿಟ್ಟು ಲೆಕ್ಕ ಹಾಕುವುದು ಒಳ್ಳೆಯದು.