ಮನೆಮಾತಿನ ಮರೆ: ಧ್ವನಿಲೇಖನ ಯಂತ್ರವೂ ಚಿಕ್ಕಬಳ್ಳಾಪುರ ಸೀಮೆಯ ದ್ವಿಭಾಷಾ ಸಂಭಾಷಣೆಯೂ

1

ಆಡಿದ ಮಾತನ್ನು ಮೊಬೈಲಿನಲ್ಲಿ ಬರಹವಾಗಿಸುವ ಸಾಧನಗಳಿಂದ, ಅಂದರೆ ಬಳಕೆಯಲ್ಲಿ ವಾಯ್ಸ್ ಟೈಪಿಂಗ್ ಎನಿಸಿಕೊಂಡಿರುವ ಧ್ವನಿಲೇಖನದಿಂದ, ಜನರ ಖಾಸಗಿತನಕ್ಕೆ ಒದಗಬಹುದಾದ ಬಾಧೆಯೇ ಪ್ರಕೃತ ಲೇಖನದ ವಿಷಯ. ಈ ಬಾಧೆಯನ್ನು ಕುರಿತ ಚರ್ಚೆಗಳಲ್ಲಿ, ಯಂತ್ರದ ಗ್ರಹಣಶಕ್ತಿ ಬೆಳೆದಷ್ಟೂ ಅಪಾಯವು ಬೆಳೆಯುತ್ತದೆಂಬ ಪ್ರಮೇಯವನ್ನು ಪರೀಕ್ಷೆಯಿಲ್ಲದೆ ಅಂಗೀಕರಿಸುವುದು ರೂಢಿಯಾಗಿದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ನುಡಿಬಳಕೆಯನ್ನು ಎದುರಿಗಿಟ್ಟುಕೊಂಡು ನೋಡಿದವನಿಗೆ ಈ ಪ್ರಮೇಯವು ಅರ್ಧಸತ್ಯವೆಂದು ತೋರದಿರದು. ಯಂತ್ರವು ಗ್ರಹಿಸಲಾರದ ಮಾತಿಗೂ ಒಂದು ಅಪಾಯವುಂಟು. ಏಕೆಂದರೆ ಯಂತ್ರವು ಸೋತೆಡೆಯಲ್ಲಿ ಅದರ ನೆರವಿಗೆ ಬರುವುದು ಮನುಷ್ಯನ ಕಿವಿ. ಈ ಎರಡನೆಯ ಅಪಾಯವು ಎಲ್ಲ ಭಾಷಿಕರ ಮೇಲೂ ಸಮವಾಗಿ ಬೀಳುವುದಿಲ್ಲವೆಂದೂ, ಎರಡು ಮೂರು ನುಡಿಗಳನ್ನು ಹೆಣೆದು ಮಾತನಾಡುವ ಗಡಿಸೀಮೆಯವರ ಮೇಲೆಯೇ ಅದರ ಭಾರ ಹೆಚ್ಚೆಂದೂ ತೋರಿಸುವುದು ಇಲ್ಲಿನ ಉದ್ದೇಶ.

2

ಪೂರ್ವಸೂರಿಗಳ ವಿಚಾರವನ್ನು ಸಂಕ್ಷೇಪವಾಗಿ ಹೇಳಬಹುದು. 1890ರಲ್ಲಿ ವಾರನ್ ಮತ್ತು ಬ್ರ್ಯಾಂಡೈಸ್ ಎಂಬ ಅಮೆರಿಕದ ನ್ಯಾಯವಾದಿಗಳು ಛಾಯಾಚಿತ್ರ ಹಾಗೂ ವೃತ್ತಪತ್ರಿಕೆಗಳ ಹಾವಳಿಯನ್ನು ಕಂಡು, ತನ್ನ ಪಾಡಿಗೆ ತಾನಿರುವುದನ್ನು ಮನುಷ್ಯನ ಒಂದು ಹಕ್ಕೆಂದು ಪ್ರತಿಪಾದಿಸಿದರು. 1967ರಲ್ಲಿ ಆಲನ್ ವೆಸ್ಟಿನ್, ತನ್ನ ವಿಷಯವಾದ ಮಾಹಿತಿಯು ಯಾವಾಗ, ಹೇಗೆ, ಎಷ್ಟರ ಮಟ್ಟಿಗೆ ಪರರಿಗೆ ತಿಳಿಯಬೇಕೆಂಬುದನ್ನು ವ್ಯಕ್ತಿಯು ತಾನೇ ನಿರ್ಣಯಿಸುವುದೇ ಖಾಸಗಿತನವೆಂದು ಲಕ್ಷಣ ಹೇಳಿದರು. ಹೆಲೆನ್ ನಿಸೆನ್‌ಬಾಮ್ 2004ರಲ್ಲಿ ಈ ಲಕ್ಷಣವನ್ನು ತಿದ್ದಿ, ಮಾಹಿತಿಯು ಯಾವ ಸಂದರ್ಭದಲ್ಲಿ ಹುಟ್ಟಿತೋ ಆ ಸಂದರ್ಭದ ಮರ್ಯಾದೆಯನ್ನು ಮೀರಿ ಹರಿದಾಗಲೇ ಖಾಸಗಿತನಕ್ಕೆ ಭಂಗವೆಂದರು. ನಮ್ಮಲ್ಲಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ 9 ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಇಷ್ಟರಲ್ಲಿ ವಿವಾದವಿಲ್ಲ.

ಹಳ್ಳಿಗಾಡಿನವರಿಗೆ ಖಾಸಗಿತನವೆಂಬುದು ಪರದೇಶದಿಂದ ಬಂದ ಸರಕೆಂಬ ಮಾತು ಆಗಾಗ ಕಿವಿಗೆ ಬೀಳುತ್ತದಾದರೂ ಅದು ನಿಲ್ಲತಕ್ಕದ್ದಲ್ಲ. ನಮ್ಮ ದನಗಳ ಜಾತ್ರೆಗಳಲ್ಲಿ, ನೂರಾರು ಮಂದಿ ಸುತ್ತ ನೆರೆದಿರುವಾಗಲೇ, ದಲ್ಲಾಳಿಯೂ ಕೊಳ್ಳುವವನೂ ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವ ಪದ್ಧತಿಯನ್ನು ಬಲ್ಲವರು, ತುಂಬಿದ ಬಯಲಿನಲ್ಲಿಯೂ ಮರೆಯನ್ನು ಸೃಷ್ಟಿಸಿಕೊಳ್ಳುವ ವಿವೇಕವು ನಮ್ಮ ರೈತನಿಗೆ ಹೊಸದೆಂದು ಹೇಳಲಾರರು. ನಿಸೆನ್‌ಬಾಮ್ ಅವರು ಸಂದರ್ಭದ ಮರ್ಯಾದೆಯೆಂದು ಕರೆದುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ದೊರೆಯುವುದು ಕಷ್ಟ.

3

ಭಿನ್ನಾಭಿಪ್ರಾಯವು ಉಂಟಾಗುವುದು ಇನ್ನು ಮುಂದೆ. ಶೋಷಾನಾ ಜುಬಾಫ್ 2019ರಲ್ಲಿ ಪ್ರಕಟಿಸಿದ ಬೃಹದ್ಗ್ರಂಥದಲ್ಲಿ, ಮನುಷ್ಯನ ಅನುಭವವನ್ನು ಕಚ್ಚಾವಸ್ತುವಿನಂತೆ ಸಂಗ್ರಹಿಸಿ, ಅದರಿಂದ ಅವನ ಮುಂದಿನ ನಡೆಯನ್ನು ಊಹಿಸಿ, ಆ ಊಹೆಯನ್ನೇ ಮಾರುವ ಉದ್ಯಮವನ್ನು ವಿಸ್ತಾರವಾಗಿ ವರ್ಣಿಸಿ, ಧ್ವನಿಯನ್ನು ಆಲಿಸುವ ಸಾಧನಗಳನ್ನೂ ಆ ಉದ್ಯಮದ ಅಂಗವೆಂದೇ ಎಣಿಸಿದ್ದಾರೆ. ಅವರ ವಾದವು ಇಂಗ್ಲಿಷಿನಂತಹ ಪ್ರಬಲ ಭಾಷೆಯ ವಿಷಯದಲ್ಲಿ ಸಮರ್ಥವಾದುದೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಆ ವಾದದಲ್ಲಿ ಭಯದ ಮೂಲವು ಯಂತ್ರದ ಜ್ಞಾನ. ಹಾಗಾದರೆ ಯಂತ್ರಕ್ಕೆ ಅಜ್ಞಾನವಿರುವ ಕಡೆಯಲ್ಲಿ ಭಯವಿರಬಾರದು; ನಮ್ಮ ಕಡೆಯ ಮಾತು ಯಾವ ಯಂತ್ರಕ್ಕೂ ತಿಳಿಯದಾದ್ದರಿಂದ ನಾವು ಕ್ಷೇಮವೆಂದು ಚಿಂತಾಮಣಿಯ ಮಂಡಿಯಲ್ಲಿ ಕುಳಿತವರು ನೆಮ್ಮದಿಯಿಂದ ಇರಬೇಕು. ಈ ನೆಮ್ಮದಿಗೆ ಆಧಾರವಿದೆಯೇ ಎಂಬುದೇ ಪ್ರಶ್ನೆ.

ಮೊದಲು ಸೀಮೆಯ ನುಡಿಸ್ಥಿತಿಯನ್ನು ಗಮನಿಸೋಣ. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ರೂಪುಗೊಂಡ ಚಿಕ್ಕಬಳ್ಳಾಪುರ ಜಿಲ್ಲೆಯು ಆಂಧ್ರದ ಗಡಿಗೆ ತಾಗಿಕೊಂಡಿರುವುದರಿಂದ, ಇಲ್ಲಿನ ಅಸಂಖ್ಯಾತ ಕುಟುಂಬಗಳಿಗೆ ತೆಲುಗು ಮನೆಮಾತು, ಕನ್ನಡವು ಶಾಲೆ, ಕಚೇರಿ ಮತ್ತು ನೆರೆಹೊರೆಯ ಮಾತು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಇವೆರಡರ ಜೊತೆಗೆ, ಗೂಡಿನಿಂದ ನೂಲು ತೆಗೆಯುವ ರೀಲರುಗಳಲ್ಲಿ ಅನೇಕರ ಮನೆಮಾತಾದ ದಖನಿ ಉರ್ದುವೂ ಕೂಡಿಕೊಳ್ಳುತ್ತದೆ. ಇದನ್ನು ನುಡಿಯ ಕೆಡುಕೆಂದು ಬಗೆಯುವುದು ತಪ್ಪು. ಚಿಂತಾಮಣಿ ತಾಲ್ಲೂಕಿನ ಕೈವಾರದ ಯೋಗಿ ನಾರೇಯಣ ಯತೀಂದ್ರರು ತೆಲುಗು ಕನ್ನಡಗಳೆರಡರಲ್ಲಿಯೂ ರಚನೆ ಮಾಡಿದ ನಾಡಿದು. 2017ರ ಆಗಸ್ಟ್ ತಿಂಗಳ ಮಧ್ಯದಲ್ಲಿ, ಅಂದರೆ ಪುಟ್ಟಸ್ವಾಮಿ ತೀರ್ಪಿಗೆ ಕೆಲವೇ ದಿನಗಳ ಮುಂಚೆ, ಗೂಗಲ್ ಸಂಸ್ಥೆಯು ತನ್ನ ಧ್ವನಿಲೇಖನಕ್ಕೆ ಭಾರತದ 8 ಭಾಷೆಗಳನ್ನು ಹೊಸದಾಗಿ ಸೇರಿಸಿದಾಗ, ಕನ್ನಡ, ತೆಲುಗು, ಉರ್ದು ಈ ಮೂರೂ ಒಂದೇ ದಿನ ಆ ಪಟ್ಟಿಯನ್ನು ಪ್ರವೇಶಿಸಿದವು. ಆದರೆ ಅವು ಪ್ರವೇಶಿಸಿದ್ದು ಮೂರು ಪ್ರತ್ಯೇಕ ಭಾಷೆಗಳಾಗಿ. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಅವು ಒಂದೇ ವಾಕ್ಯದೊಳಗೆ ಬಾಳುವ ರೀತಿಯಲ್ಲಿ ಅಲ್ಲ.

ಈ ವ್ಯತ್ಯಾಸದ ಪರಿಣಾಮವನ್ನು ಕಾಣಲು ಕಲ್ಪಿತವಾದ ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಸಾಲದ ಕಂತು ತಪ್ಪಿಸಿಕೊಂಡ ರೈತನೊಬ್ಬನು ಮೈಕ್ ಗುರುತನ್ನು ಒತ್ತಿ, “ಕಂತು ಕಟ್ಟಿಲ್ಲ ಅಂತ ಅಣ್ಣನಿಗೆ ಹೇಳಬೇಡ, ಇಂಟ್ಲೋ ಎವರಿಕೀ ತೆಲೀದು” ಎನ್ನುತ್ತಾನೆಂದು ಭಾವಿಸೋಣ. ಕನ್ನಡಕ್ಕೆ ಹೊಂದಿಸಿದ ಯಂತ್ರವು ಪೂರ್ವಾರ್ಧವನ್ನು ಸುಗಮವಾಗಿ ಬರೆದೀತು. ಮನೆಯಲ್ಲಿ ಯಾರಿಗೂ ತಿಳಿಯದೆಂಬ ಅರ್ಥದ ತೆಲುಗಿನ ಉತ್ತರಾರ್ಧದಲ್ಲಿ ಎಡವೀತು. ವಾಕ್ಯದ ಗುಟ್ಟು ಇರುವುದು ಯಂತ್ರವು ಎಡವಿದ ಭಾಗದಲ್ಲಿಯೇ.

ಇದು ಉದಾಹರಣೆಗಾಗಿ ಹೊಂದಿಸಿದ ಆಕಸ್ಮಿಕವೆಂದು ಆಕ್ಷೇಪಿಸಬಹುದು. ಆದರೆ ಭಾಷಾವಿಜ್ಞಾನಿ ಜಾನ್ ಗಂಪರ್ಜ್ ಅವರು ತೋರಿಸಿಕೊಟ್ಟಿರುವಂತೆ, ದ್ವಿಭಾಷಿಕರು ಒಂದು ನುಡಿಯಿಂದ ಇನ್ನೊಂದಕ್ಕೆ ಹೊರಳುವುದು ಅಡ್ಡಾದಿಡ್ಡಿಯಾಗಿ ಅಲ್ಲ; ಒಂದು ನುಡಿ ‘ನಮ್ಮವರ’ ಆಪ್ತತೆಯನ್ನೂ ಇನ್ನೊಂದು ಹೊರಗಿನ ವ್ಯವಹಾರವನ್ನೂ ಸೂಚಿಸುವುದುಂಟು. ಅವರೇ ರಾಬರ್ಟ್ ವಿಲ್ಸನ್ನರೊಡನೆ 1971ರಲ್ಲಿ ಪ್ರಕಟಿಸಿದ, ನಮ್ಮ ಉತ್ತರದ ಗಡಿಗೆ ಹೊಂದಿದ ಸಾಂಗ್ಲಿ ಜಿಲ್ಲೆಯ ಕುಪ್ವಾಡದ ಅಧ್ಯಯನವು, ಕನ್ನಡ, ಮರಾಠಿ, ಉರ್ದುಗಳು ಶತಮಾನಗಳ ಸಹವಾಸದಿಂದ ವ್ಯಾಕರಣದಲ್ಲಿ ಬಹುಮಟ್ಟಿಗೆ ಒಂದಾಗಿ ಹೋದರೂ, ಮನೆಯೊಳಗಿನ ನುಡಿಯಾಗಿ ತಮ್ಮ ತಮ್ಮ ಪದಸಂಪತ್ತನ್ನು ಉಳಿಸಿಕೊಂಡಿರುವುದನ್ನು ವಿವರಿಸುತ್ತದೆ. ಆಪ್ತವಾದುದನ್ನು ಮನೆಮಾತಿನಲ್ಲಿ ಹೇಳುವ ಪ್ರವೃತ್ತಿಗೆ ಇದರಿಂದ ಬಲವಾದ ಆಧಾರ ದೊರೆಯುತ್ತದೆ. ಟವಲಿನ ಮರೆಯಂತೆಯೇ ಮನೆಮಾತೂ ಒಂದು ಮರೆ. ವಾದದ ಮೊದಲನೆಯ ಕೊಂಡಿ ಇದು.

ಎರಡನೆಯ ಕೊಂಡಿಯು ಯಂತ್ರದ ಶಿಕ್ಷಣಕ್ಕೆ ಸಂಬಂಧಿಸಿದುದು. ಯಂತ್ರವು ಸಂದೇಹಪಟ್ಟ ತುಣುಕುಗಳನ್ನೇ ಆಯ್ದು ಮನುಷ್ಯರಿಂದ ಬರೆಯಿಸಿದರೆ ಕಡಮೆ ಶ್ರಮದಿಂದ ಅದನ್ನು ಹೆಚ್ಚು ತಿದ್ದಬಹುದೆಂಬುದು ಈ ಶಾಸ್ತ್ರದಲ್ಲಿ ಹಳೆಯ ಮಾತು. ಅಮೆರಿಕದ ಎಟಿ ಅಂಡ್ ಟಿ ಸಂಸ್ಥೆಯ ಸಂಶೋಧಕರು 2002ರಷ್ಟು ಹಿಂದೆಯೇ ಇದನ್ನು ಧ್ವನಿಗ್ರಹಣಕ್ಕೆ ಅನ್ವಯಿಸಿ ಪ್ರಬಂಧ ಪ್ರಕಟಿಸಿದ್ದರು. ಸುಲಭವಾಗಿ ತಿಳಿದ ಮಾತನ್ನು ಯಂತ್ರವು ತಾನೇ ಇಟ್ಟುಕೊಳ್ಳುತ್ತದೆ. ತಿಳಿಯದುದನ್ನು ಗುರುವಿನ ಮುಂದೆ ಹಿಡಿಯುತ್ತದೆ. ಆ ಗುರುವು ಎಲ್ಲಿಯೋ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕುಳಿತಿರುವ, ನಮ್ಮ ನುಡಿಯನ್ನು ಬಲ್ಲ ಒಬ್ಬ ಸಂಬಳಗಾರ.

ಇಂತಹ ಕಿವಿಗಳು ಇರುವುದು ಊಹೆಯ ವಿಷಯವಲ್ಲ. ಇದೇ ಮೂರನೆಯ ಕೊಂಡಿ. 2019ರ ಜುಲೈನಲ್ಲಿ ಬೆಲ್ಜಿಯಂ ದೇಶದ ವಿಆರ್‌ಟಿ ಪ್ರಸಾರ ಸಂಸ್ಥೆಯು, ಗೂಗಲ್‌ನ ಧ್ವನಿ ಸಹಾಯಕ ಸಾಧನವು ಡಚ್ ಭಾಷೆಯಲ್ಲಿ ಮುದ್ರಿಸಿಕೊಂಡಿದ್ದ 1000ಕ್ಕೂ ಹೆಚ್ಚು ತುಣುಕುಗಳನ್ನು ಕೇಳಿ, ಅವುಗಳಲ್ಲಿ 153 ತುಣುಕುಗಳು ಯಾರೂ ಆಜ್ಞಾಪಿಸದೆ ಮುದ್ರಿತವಾದ ಮಾತುಕತೆಗಳೆಂದು ವರದಿ ಮಾಡಿತು. ಮಲಗುವ ಕೋಣೆಯ ಮಾತು, ಮಕ್ಕಳೊಡನೆ ಆಡಿದ ಮಾತು, ವ್ಯಾಪಾರದ ಮಾತು ಎಲ್ಲವೂ ಅದರಲ್ಲಿದ್ದವು. ಪ್ರತಿಯೊಂದು ಭಾಷೆಯ ಸೂಕ್ಷ್ಮಗಳನ್ನು ಅರಿಯಲು ಭಾಷಾತಜ್ಞರು ಶೇಕಡಾ 0.2ರಷ್ಟು ತುಣುಕುಗಳನ್ನು ಮಾತ್ರ ಕೇಳುತ್ತಾರೆಂದು ಸಂಸ್ಥೆಯು ಸಮಾಧಾನ ಹೇಳಿತು. ಅದೇ ವರ್ಷ ಅಮೆಜಾನ್ ಮತ್ತು ಆ್ಯಪಲ್ ಸಂಸ್ಥೆಗಳಲ್ಲಿಯೂ ಇಂತಹ ಪದ್ಧತಿಯಿರುವುದು ಹೊರಬಿದ್ದಿತು. ಶೇಕಡಾ 0.2 ಎಂಬುದು ಒಟ್ಟು ಸರಾಸರಿ. ಸರಾಸರಿಯು ಅಲ್ಪವಾಗಿದ್ದ ಮಾತ್ರಕ್ಕೆ, ಯಂತ್ರವು ಪದೇ ಪದೇ ಎಡವುವ ನುಡಿಸಮುದಾಯವೊಂದರಲ್ಲಿ ಪ್ರಮಾಣವು ಅಷ್ಟೇ ಅಲ್ಪವಾಗಿರುವುದೆಂದು ಸಿದ್ಧವಾಗುವುದಿಲ್ಲ.

ಮೂರು ಕೊಂಡಿಗಳನ್ನು ಕೂಡಿಸಿದರೆ ದೊರೆಯುವ ಸಿದ್ಧಾಂತವಿದು: ಆಪ್ತವಾದುದನ್ನು ಮನೆಮಾತಿಗೆ ಹೊರಳಿಸುವವರ ಮಾತಿನಲ್ಲಿ ಯಂತ್ರವು ಎಡವುವ ಸ್ಥಾನವೂ ಗುಟ್ಟಿನ ಸ್ಥಾನವೂ ಒಂದೇ ಆಗುವ ಸಂಭವ ಹೆಚ್ಚು, ಎಡವಿದ ಸ್ಥಾನವೇ ಮನುಷ್ಯನ ಕಿವಿಗೆ ಬೀಳುವ ಸಂಭವವೂ ಹೆಚ್ಚು, ಆದಕಾರಣ ಮರೆಗಾಗಿ ಆರಿಸಿಕೊಂಡ ನುಡಿಯೇ ಮರೆಯನ್ನು ಕಳೆಯುವ ಸಾಧನವಾಗಬಹುದು.

4

ಈ ಸಿದ್ಧಾಂತವನ್ನು ನಾನು ಹಲವು ನಿರ್ಬಂಧಗಳೊಡನೆಯೇ ಮುಂದಿಡತಕ್ಕವನಾಗಿದ್ದೇನೆ. ಯಾವುದೇ ಸಂಸ್ಥೆಯು ಕನ್ನಡ ತೆಲುಗು ಮಿಶ್ರವಾಕ್ಯಗಳನ್ನು ಆರಿಸಿ ಕೇಳಿಸಿಕೊಳ್ಳುತ್ತಿದೆಯೆಂದು ನನ್ನ ಆಪಾದನೆಯಲ್ಲ. ಶಾಸ್ತ್ರದ ತರ್ಕವು ಯಾವ ದಿಕ್ಕಿಗೆ ಒಯ್ಯುತ್ತದೆಂಬುದನ್ನಷ್ಟೇ ಹೇಳಿದ್ದೇನೆ. ಬೆಲ್ಜಿಯಂನ ಸಾಕ್ಷ್ಯವು ಸದಾ ಕಿವಿಗೊಟ್ಟಿರುವ ಸಹಾಯಕ ಸಾಧನಕ್ಕೆ ಸಂಬಂಧಿಸಿದುದು. ಧ್ವನಿಲೇಖನದಲ್ಲಿ ಬಳಸುವವನೇ ಮೈಕನ್ನು ತೆರೆಯುವನಾದ್ದರಿಂದ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. 2019ರ ಗದ್ದಲದ ತರುವಾಯ ಕೆಲವು ದೊಡ್ಡ ಸಂಸ್ಥೆಗಳು ಬಳಕೆದಾರನ ಒಪ್ಪಿಗೆಯಿದ್ದಲ್ಲಿ ಮಾತ್ರ ಧ್ವನಿಮುದ್ರಣವನ್ನು ಪರಿಶೀಲನೆಗೆ ಇಟ್ಟುಕೊಳ್ಳುವ ಕ್ರಮಕ್ಕೆ ಬಂದವು. ಮಾತು ಫೋನಿನೊಳಗೇ ಬರಹವಾಗಿ, ಹೊರಗಿನ ಗಣಕಕ್ಕೆ ಹೋಗದಿರುವ ವಿಧಾನವೂ ಬೆಳೆಯುತ್ತಿದೆ. ಆದರೆ 2019ರ ಮಾರ್ಚಿನಲ್ಲಿ ಗೂಗಲ್ ಇದನ್ನು ತನ್ನ ಕೀಲಿಮಣೆಗೆ ತಂದಾಗ ಅದು ದೊರೆತದ್ದು ಅಮೆರಿಕದ ಇಂಗ್ಲಿಷಿಗೆ ಮೊದಲು. ರಕ್ಷಣೆಯೂ ಪ್ರಬಲ ಭಾಷೆಗೇ ಮೊದಲು ತಲಪಿತೆಂಬುದು ಗಮನಾರ್ಹ. ಇನ್ನು ಗಂಪರ್ಜ್ ಅವರ ವಿವೇಚನೆಯೂ ಯಾಂತ್ರಿಕ ನಿಯಮವಲ್ಲ: ಮನೆಯಲ್ಲಿ ದಖನಿಯನ್ನಾಡುವ ರೀಲರನಿಗೆ ತೆಲುಗು ಸಂತೆಯ ಮಾತು, ಅವನೊಡನೆ ವ್ಯವಹರಿಸುವ ರೈತನಿಗೆ ಅದೇ ತೆಲುಗು ಅಡುಗೆಮನೆಯ ಮಾತು.

ಇಷ್ಟೆಲ್ಲ ಒಪ್ಪಿದ ಮೇಲೂ ಒಪ್ಪಿಗೆಯೆಂಬ ಆಧಾರಸ್ತಂಭವು ಗಟ್ಟಿಯಾಗಿ ನಿಲ್ಲುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು, ಸೂಚನೆಯನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಾಗಲಿ ಪಡೆಯುವ ಅವಕಾಶವನ್ನು ಬಳಕೆದಾರನಿಗೆ ಕೊಡಬೇಕೆಂದು ವಿಧಿಸಿರುವುದು ಶ್ಲಾಘ್ಯ. ಆದರೆ ಅದು ಭಾಷೆಯನ್ನು ಹೇಳಿತೇ ಹೊರತು, ಸೂಚನೆಯು ಓದತಕ್ಕದ್ದೋ ಕೇಳತಕ್ಕದ್ದೋ ಎಂಬುದನ್ನು ಹೇಳಲಿಲ್ಲ. ಬರೆಯುವುದು ಕಷ್ಟವೆಂದೇ ಮಾತಿನ ಮೊರೆಹೊಕ್ಕವನ ಕೈಗೆ ಪುಟಗಟ್ಟಲೆ ಬರಹವನ್ನಿತ್ತು ಒಪ್ಪಿಗೆ ಪಡೆಯುವುದು, ಕಣ್ಣು ಮಂಜಾದವನ ಮುಂದೆ ಪತ್ರವನ್ನು ಹಿಡಿದು ಹೆಬ್ಬೆಟ್ಟು ಒತ್ತಿಸಿಕೊಂಡಂತೆ. ಇದಲ್ಲದೆ, ಮಾಹಿತಿ ತಂತ್ರಜ್ಞಾನ ಕಾಯಿದೆಯಡಿಯ 2011ರ ನಿಯಮಗಳು ಗುರುತು ದೃಢಪಡಿಸುವ ತಂತ್ರಗಳ ಸಂಬಂಧದಲ್ಲಿ ಧ್ವನಿಯ ವಿನ್ಯಾಸವನ್ನು ಬೆರಳಚ್ಚಿನ ಸಾಲಿನಲ್ಲಿಟ್ಟು ಸೂಕ್ಷ್ಮ ಮಾಹಿತಿಯೆಂದು ಎಣಿಸಿದ್ದರೆ, 2023ರ ಅಧಿನಿಯಮದಲ್ಲಿ ಸೂಕ್ಷ್ಮ ಮಾಹಿತಿಯೆಂಬ ಪ್ರತ್ಯೇಕ ವರ್ಗವೇ ಇಲ್ಲ. ಇತ್ತ 2019ರ ರಿತೇಶ್ ಸಿನ್ಹಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ತನಿಖೆಗಾಗಿ ಧ್ವನಿಯ ಮಾದರಿಯನ್ನು ಕೊಡುವಂತೆ ಆಜ್ಞಾಪಿಸುವ ಅಧಿಕಾರವು ಮ್ಯಾಜಿಸ್ಟ್ರೇಟರಿಗೆ ಉಂಟೆಂದು ತೀರ್ಮಾನಿಸಿತು. ಧ್ವನಿಯು ಮನುಷ್ಯನ ಗುರುತೆಂಬುದನ್ನು ರಾಜ್ಯವು ತನ್ನ ಅವಶ್ಯಕತೆಗೆ ಒಪ್ಪಿರುವಾಗ, ಪ್ರಜೆಯ ರಕ್ಷಣೆಗೂ ಒಪ್ಪುವುದು ನ್ಯಾಯ.

ವೆಸ್ಟಿನ್ನರ ಲಕ್ಷಣದಲ್ಲಿ ನಿರ್ಣಯಿಸುವವನು ಒಬ್ಬನೇ ವ್ಯಕ್ತಿ. ಮೈಕಿಗೆ ಬೀಳುವ ಧ್ವನಿಯಾದರೋ ಒಬ್ಬನದಲ್ಲ. ಗೌರಿಬಿದನೂರಿನ ಬಳಿ 1960ರ ದಶಕದಲ್ಲಿ ಸ್ಥಾಪಿತವಾದ ಭೂಕಂಪಮಾಪಕಗಳ ಸಾಲು, ಸಹಸ್ರಾರು ಮೈಲಿ ದೂರದ ಕಂಪನವೊಂದನ್ನು ಗುರುತಿಸುವ ಸಲುವಾಗಿ ಹತ್ತಿರದ ಕಂಪನಗಳೆಲ್ಲವನ್ನೂ ಮೊದಲು ಒಳಗೆ ತೆಗೆದುಕೊಳ್ಳಲೇಬೇಕಾಗಿದೆ. ಫೋನಿನ ಮೈಕೂ ಹಾಗೆಯೇ, ಮಾತನಾಡುವವನ ಹಿಂದೆ ಕೆಮ್ಮುವ ತಾಯಿಯನ್ನೂ ಪಾಠ ಒಪ್ಪಿಸುವ ಮಗುವನ್ನೂ ಒಟ್ಟಿಗೆ ಗ್ರಹಿಸುತ್ತದೆ. ಅವರ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ.

5

ಇದರಿಂದ ಧ್ವನಿಲೇಖನವನ್ನು ತ್ಯಜಿಸಬೇಕೆಂಬ ತೀರ್ಮಾನಕ್ಕೆ ಬರಲಾಗದು. ಅಕ್ಷರವು ಕೈಗೆಟುಕದವರಿಗೆ ಅದು ಉಪಕಾರಿ. ಯಂತ್ರಕ್ಕೆ ನಮ್ಮ ನುಡಿಯನ್ನು ಕಲಿಸುವ ಗೌರವಯುತವಾದ ಮಾರ್ಗವೂ ಉಂಟು: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆಸ್ಪಿನ್ ಯೋಜನೆಯು ಕನ್ನಡ ತೆಲುಗುಗಳನ್ನೊಳಗೊಂಡ 9 ಭಾಷೆಗಳಲ್ಲಿ, ಕೃಷಿ ಮತ್ತು ಹಣಕಾಸಿನ ವಿಷಯವಾಗಿ, ಉಪಭಾಷೆಗಳನ್ನು ಗಮನಿಸಿ ಧ್ವನಿಯನ್ನು ಸಂಗ್ರಹಿಸಿದೆ, ಕೇಂದ್ರ ಸರ್ಕಾರದ ಭಾಷಿಣಿ ಯೋಜನೆಯು ಜನರು ತಾವಾಗಿ ಧ್ವನಿಯನ್ನು ಕೊಡುವುದಕ್ಕೆ ಭಾಷಾದಾನವೆಂದೇ ಹೆಸರಿಟ್ಟಿದೆ. ಅರಿತು ಕೊಟ್ಟದ್ದು ದಾನ, ಅರಿಯದೆ ಹೋದದ್ದು ನಷ್ಟ. ಇಂತಹ ಸಂಗ್ರಹಗಳಲ್ಲಿ ಶಿಡ್ಲಘಟ್ಟದ ಮಿಶ್ರವಾಕ್ಯಗಳಿಗೆ ಅರಿತು ಕೊಟ್ಟ ಸ್ಥಾನವು ದೊರೆತರೆ, ಯಂತ್ರವು ಎಡವುವುದೂ ಕಡಮೆಯಾದೀತು, ಅಪರಿಚಿತನ ಕಿವಿಯ ಅಗತ್ಯವೂ ಕಡಮೆಯಾದೀತು.

ಇನ್ನೂ ಬಗೆಹರಿಯಬೇಕಾದ ಪ್ರಶ್ನೆಗಳುಂಟು. ಮಿಶ್ರನುಡಿಯಲ್ಲಿ ಯಂತ್ರದ ತಪ್ಪಿನ ಪ್ರಮಾಣವೆಷ್ಟು, ಆಪ್ತವಾಕ್ಯಗಳಲ್ಲಿ ಆ ಪ್ರಮಾಣವು ನಿಜವಾಗಿ ಹೆಚ್ಚುವುದೇ, ದಖನಿಯನ್ನು ಉರ್ದುವೆಂದು ಎಣಿಸುವ ಯಂತ್ರವು ಅದನ್ನು ಎಷ್ಟು ಬಲ್ಲದು ಎಂಬಿವನ್ನು ಈ ನಾಲ್ಕು ತಾಲ್ಲೂಕುಗಳಲ್ಲಿ ಕ್ಷೇತ್ರಕಾರ್ಯದಿಂದಲೇ ನಿರ್ಧರಿಸಬೇಕಾಗಿದೆ. ಅಲ್ಲಿಯವರೆಗೆ ಮೇಲಿನ ಸಿದ್ಧಾಂತವು ಪರೀಕ್ಷೆಗೆ ಒಡ್ಡಿದ ಒಂದು ಪ್ರತಿಜ್ಞೆಯಷ್ಟೆ. ಆದರೆ ಪರೀಕ್ಷೆಗಾಗಿ ಕಾಯದೆ ಮಾಡಬಹುದಾದ ಕಾರ್ಯವೊಂದಿದೆ. ಅಧಿನಿಯಮವನ್ನು ಜಾರಿಗೆ ತರುವ ಅಧಿಕಾರಿಗಳಲ್ಲಿಯೂ ಇಂತಹ ಆ್ಯಪ್‌ಗಳನ್ನು ರಚಿಸುವವರಲ್ಲಿಯೂ ನನ್ನ ವಿನಂತಿಯು ಇಷ್ಟು: ಮೈಕ್ ತೆರೆಯುವ ಮುನ್ನ, ಈ ಮಾತು ಎಲ್ಲಿಗೆ ಹೋಗುತ್ತದೆ, ಯಾರು ಕೇಳಬಹುದು, ಎಷ್ಟು ದಿನ ಉಳಿಯುತ್ತದೆ ಎಂಬುದನ್ನು ಬಳಸುವವನ ಮನೆಮಾತಿನಲ್ಲಿ, ಬರಹದಲ್ಲಿ ಮಾತ್ರವಲ್ಲದೆ ಧ್ವನಿಯಲ್ಲಿಯೂ, ಅವನಿಗೆ ಕೇಳಿಸಿರಿ.