ದೊಡ್ಡಮ್ಮ ಯಾವ ಲೆಕ್ಕಕ್ಕೆ ಸೇರಿದಳು?

ದೊಡ್ಡಮ್ಮ ತೀರಿಕೊಂಡದ್ದು 1994ರಲ್ಲಿ, ಬೆಂಗಳೂರಲ್ಲಿ. ಗರ್ಭಕೊರಳಿನ ಕ್ಯಾನ್ಸರ್ ಅಂತ ಎಲ್ಲರಿಗೂ ಗೊತ್ತಿತ್ತು, ಬಾಯಿಬಿಟ್ಟು ಹೇಳ್ತಿರಲಿಲ್ಲ ಅಷ್ಟೆ. 'ಆ ಕಾಯಿಲೆ' ಅನ್ನೋರು. ಮೊನ್ನೆ ಹಳೇ ಟ್ರಂಕು ಕೆದಕುವಾಗ ಆಸ್ಪತ್ರೆಯವರು ಕೊಟ್ಟಿದ್ದ ಚೀಟಿ ಸಿಕ್ಕಿತು. ಸಾವಿಗೆ ಕಾರಣ: ಹೃದಯ ಮತ್ತು ಉಸಿರಾಟ ನಿಂತದ್ದು. ಸತ್ತವರಲ್ಲಿ ಇವೆರಡೂ ನಿಲ್ಲದವರು ಯಾರಿದ್ದಾರೆ ಹೇಳಿ! ವಿಳಾಸ ನಮ್ಮ ರಾಜಾಜಿನಗರದ ಮನೆಯದ್ದು. ಆಕೆ ಬಾಳಿದ್ದೆಲ್ಲ ಕುಣಿಗಲ್ ಹತ್ತಿರದ ಹಳ್ಳಿಯಲ್ಲಿ.

ಆಗಿನಿಂದ ತಲೆಯಲ್ಲಿ ಒಂದೇ ಹುಳ. ಈಕೆಯನ್ನು ಯಾರಾದರೂ ಎಣಿಸಿದರೇ?

ಒಂದು ಊರಿನ ಜನರಲ್ಲಿ ಯಾರ್ಯಾರಿಗೆ ಕ್ಯಾನ್ಸರ್ ಬಂತು ಅಂತ ಒಬ್ಬರನ್ನೂ ಬಿಡದೆ ದಾಖಲಿಸುವ ಕೆಲಸ 1926ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಶುರುವಾಯ್ತು. ನಮ್ಮಲ್ಲಿ ಮೊದಲು ಮುಂಬಯಿ, 1963ರಲ್ಲಿ. ಆಮೇಲೆ ಐಸಿಎಂಆರ್ ರಾಷ್ಟ್ರೀಯ ಕಾರ್ಯಕ್ರಮ ಹಾಕಿಕೊಂಡಿತು. 1982ರ ಜನವರಿಯಿಂದ ಕಿದ್ವಾಯಿಯಲ್ಲಿ ಬೆಂಗಳೂರಿನ ಲೆಕ್ಕ ಆರಂಭ. ಕ್ಯಾನ್ಸರ್ ಕಂಡರೆ ತಿಳಿಸಲೇಬೇಕು ಅನ್ನೋ ಕಾನೂನು ಆಗ ಇರಲಿಲ್ಲ. ಹಾಗಾಗಿ ರಿಜಿಸ್ಟ್ರಿಯವರೇ ಆಸ್ಪತ್ರೆ, ಲ್ಯಾಬು, ಕಾರ್ಪೊರೇಷನ್ನಿನ ಮರಣ ನೋಂದಣಿ ಕಚೇರಿ ಅಂತ ಅಲೆದು ಬರೆದುಕೊಂಡು ಬರಬೇಕಿತ್ತು.

ಬರೆದದ್ದು ಸರಿಯೇ ಅಂತ ನೋಡೋದು ಹೇಗೆ? 1966ರಲ್ಲಿ ರಿಚರ್ಡ್ ಡಾಲ್ ಮತ್ತು ಸಂಗಡಿಗರು ದೇಶ ದೇಶಗಳ ಕ್ಯಾನ್ಸರ್ ಅಂಕಿಗಳನ್ನು ಒಟ್ಟು ಮಾಡಿ ಪುಸ್ತಕ ತಂದಾಗಿನಿಂದ ಇದೇ ಪ್ರಶ್ನೆ. ಬ್ರೇ ಮತ್ತು ಪಾರ್ಕಿನ್ 2009ರಲ್ಲಿ ನಾಲ್ಕು ಅಂಶ ಹೇಳಿದರು: ಬೇರೆಯವರ ಲೆಕ್ಕದ ಜೊತೆ ಹೋಲಿಸಲು ಬರುತ್ತದೆಯೇ, ಬರೆದದ್ದು ನಿಜವೇ, ಎಲ್ಲರೂ ಸೇರಿದ್ದಾರೆಯೇ, ಹೊತ್ತಿಗೆ ಸರಿಯಾಗಿ ಸಿಗುತ್ತದೆಯೇ.

ನನಗೆ ಮಜಾ ಅನ್ನಿಸಿದ್ದು ಇದರೊಳಗಿನ ತಿರುವುಗಳು. ರೋಗಿಯ ಮಾಂಸದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಕ್ಯಾನ್ಸರ್ ಅಂದರೆ ಅದು ಗಟ್ಟಿ ಸಾಕ್ಷಿ. ಹಾಗಾದರೆ ಇಂಥವರು ನೂರಕ್ಕೆ ನೂರು ಇದ್ದರೆ ಒಳ್ಳೆಯದಲ್ಲವೇ? ಅಲ್ಲ! ಈ ರಿಜಿಸ್ಟ್ರಿ ಲ್ಯಾಬಿನ ಪುಸ್ತಕ ಬಿಟ್ಟು ಬೇರೆಲ್ಲೂ ಹುಡುಕಿಲ್ಲ ಅಂತ ಅನುಮಾನ ಬರುತ್ತೆ. ಇನ್ನು ಸತ್ತ ಮೇಲೆ ಮರಣ ದಾಖಲೆಯಿಂದ ಮಾತ್ರ ಗೊತ್ತಾದವರು. ಇವರು ಜಾಸ್ತಿ ಇದ್ದರೆ ಬದುಕಿದ್ದಾಗ ಹಲವರು ತಪ್ಪಿಸಿಕೊಂಡಿದ್ದಾರೆ ಅಂತ ಅರ್ಥ. ಒಬ್ಬರೂ ಇಲ್ಲದಿದ್ದರೆ ಮರಣ ದಾಖಲೆಯನ್ನು ತೆರೆದೇ ನೋಡಿಲ್ವೇನೋ ಅಂತ ಕೇಳಬೇಕಾಗುತ್ತೆ. ಆದರೆ ನಮ್ಮ ಮರಣ ದಾಖಲೆಗಳೋ, ಮೇಲೆ ಹೇಳಿದೆನಲ್ಲ, ಹೃದಯ ನಿಂತಿತು ಅನ್ನೋ ಥರದವು. ಅದಕ್ಕೇ ಬೆಂಗಳೂರಿನವರು ಗರ್ಭಕೊರಳಿನ ಕ್ಯಾನ್ಸರ್ ರೋಗಿಗಳು ಎಷ್ಟು ಕಾಲ ಬದುಕಿದರು ಅಂತ ತಿಳಿಯಲು ಮನೆಮನೆಗೇ ಹೋದರು. ಆ ಅಧ್ಯಯನ 1995ರಲ್ಲಿ ಪ್ರಕಟವಾಯ್ತು.

ಹೆಸರಿನ ಗೋಳು ಬೇರೆ. ಒಬ್ಬಳೇ ಲಕ್ಷ್ಮಮ್ಮ ಒಂದು ಕಡೆ ಅಪ್ಪನ ಹೆಸರಿನ ಜೊತೆ, ಇನ್ನೊಂದು ಕಡೆ ಗಂಡನ ಹೆಸರಿನ ಜೊತೆ, ಮೂರನೇ ಕಡೆ ಇಂಗ್ಲಿಷಿನಲ್ಲಿ ಬೇರೆಯೇ ಸ್ಪೆಲ್ಲಿಂಗು. ಜೋಡಿಸದಿದ್ದರೆ ಒಬ್ಬಳು ಮೂವರಾಗ್ತಾಳೆ :)

ಇಷ್ಟೆಲ್ಲ ಯಾಕೆ ಅಂತೀರಾ? 1982ರಲ್ಲಿ ಬೆಂಗಳೂರಿನ ಹೆಂಗಸರಲ್ಲಿ ಗರ್ಭಕೊರಳಿನ ಕ್ಯಾನ್ಸರೇ ಎಲ್ಲಕ್ಕಿಂತ ಹೆಚ್ಚು. ವರ್ಷಗಳು ಕಳೆದ ಹಾಗೆ ಅದು ಇಳಿಯಿತು, ಸ್ತನ ಕ್ಯಾನ್ಸರ್ ಮುಂದೆ ಬಂತು. ಎಣಿಸುವ ರೀತಿ ನಡುವೆ ಸಡಿಲವಾಗಿದ್ದರೆ ಈ ಇಳಿತ ನಿಜವೋ ಲೆಕ್ಕದ ಮೋಸವೋ ಅಂತ ಹೇಳೋಕೇ ಆಗ್ತಿರಲಿಲ್ಲ.

ಇನ್ನು ನಮ್ಮ ದೊಡ್ಡಮ್ಮ. ಊರಲ್ಲಿ ಕನಿಷ್ಠ ಒಂದು ವರ್ಷ ವಾಸವಿದ್ದರೆ ಮಾತ್ರ ಆ ಊರಿನ ಲೆಕ್ಕಕ್ಕೆ, ಇದು ನಿಯಮ. ಆಕೆ ನಮ್ಮ ಮನೆಯಲ್ಲಿದ್ದದ್ದು ಮೂರು ತಿಂಗಳು. ತುಮಕೂರು ಜಿಲ್ಲೆಗೆ ಆಗ ಇಂಥ ರಿಜಿಸ್ಟ್ರಿ ಇರಲಿಲ್ಲ. ಅಂದರೆ ನ್ಯಾಯವಾಗಿ ಆಕೆ ಯಾವ ಲೆಕ್ಕದಲ್ಲೂ ಇರಬಾರದು. ಆದರೆ ಆಸ್ಪತ್ರೆಯ ಕಾರ್ಡಿನಲ್ಲೂ ರಾಜಾಜಿನಗರ ಅಂತಲೇ ಇತ್ತು. ಎಷ್ಟು ವರ್ಷದಿಂದ ಇದ್ದೀರಿ ಅಂತ ಕೌಂಟರಿನಲ್ಲಿ ಕೇಳಿದ್ದಕ್ಕೆ "ಹುಟ್ಟಿದಾಗಿನಿಂದ" ಅಂದವನು ನಾನೇ. ಊರಿನವರಾದರೆ ಬೇಗ ನೋಡ್ತಾರೇನೋ ಅನ್ನೋ ಆಸೆ.